ಇವರ ನಂಬರು ಈಗ ಮೋಟಾರಿನದು

ಮಸ್ಕಿ ಹತ್ತಿರದ ನಮ್ಮ ಹತ್ತಿ ಹೊಲದ ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಬಂದಿದೆ. ಫೋನ್ ಹಚ್ಚಿದರೆ ನೀರು ಶುರು, ಮತ್ತೊಮ್ಮೆ ಹಚ್ಚಿದರೆ ಬಂದ್. ಅದರೊಳಗೆ ಮಗ ಹಾಕಿದ್ದು ತೀರಿಕೊಂಡ ತನ್ನ ಅಪ್ಪನ ಸಿಮ್. ಕಾನ್ವೆಂಟಿನಲ್ಲಿ ಓದಿದರೂ ಗಂಡನ ಹೆಸರು ಹೇಳುವುದು ನನಗೆ ಬರಲಿಲ್ಲ. ನನ್ನ ಕಾಂಟ್ಯಾಕ್ಟ್ಸ್‌ನಲ್ಲಿ ಆ ನಂಬರು ಇಂದಿಗೂ ‘ಇವರು’.

ಹೊಲದಲ್ಲಿರುತ್ತಿದ್ದ ಅವರನ್ನು ಸಂಜೆ ಫೋನಿನಲ್ಲೇ ಚಹಾಕ್ಕೆ ಕರೆಯುತ್ತಿದ್ದೆ. ನಿನ್ನೆ ಚಹಾ ಸೋಸಿದ ಕೈ, ಓಲ್ಡ್ ಹ್ಯಾಬಿಟ್, ಆ ನಂಬರನ್ನೇ ಒತ್ತಿತು. ಮೋಟಾರ್ ಆನ್ ಆದ ಮೆಸೇಜ್ ಸೊಸೆಗೆ ಹೋಯಿತು.

“ಅತ್ತೀ, ಕಾಯಿ ಒಡದ ಹತ್ತಿಗೆ ನೀರು ಬಿಟ್ರ ಕೆಡತೈತ್ರಿ. ಮಾವಗ ಚಹಾಕ್ಕ ಕರದ್ರೇನು? ಲಗೂನ ಹಚ್ಚಿ ಬಂದ್ ಮಾಡ್ರಿ,” ಎಂದಳು ನಗುತ್ತ.

ಹಚ್ಚಿದೆ. ಒಂದೇ ರಿಂಗಿಗೆ ಕರೆ ಕಟ್ಟಾಗಿ ಮೋಟಾರ್ ನಿಂತಿತು, ಹತ್ತಿ ಉಳಿಯಿತು. ರಿಂಗ್ ಮಾತ್ರ ಇನ್ನೊಂದಿಷ್ಟು ಹೊತ್ತು ಆಗಬಾರದಿತ್ತೇ ಎನಿಸಿತು.