ಥಂಡಿ ಖೋಲಿಯ ಬಿಳಿ ಗೋವಿನಜೋಳ

ಪುಣೆಯಲ್ಲಿ ನಾನು ಕೆಲಸ ಮಾಡುವುದು ಬೀಜದ ಬ್ಯಾಂಕಿನಲ್ಲಿ. ಊರೂರಿನ ಬೀಜಗಳನ್ನು ಪೊಟ್ಟಣ ಕಟ್ಟಿ ಥಂಡಿ ಖೋಲಿಯಲ್ಲಿ, ಅಂದರೆ ತಂಪಿನ ಕೋಣೆಯಲ್ಲಿ, ಇಡುತ್ತೇವೆ. ಕಳೆದ ಮುಂಗಾರಿನಲ್ಲಿ ಗೋವಿನಜೋಳದ ಪೊಟ್ಟಣಗಳನ್ನೆಲ್ಲ ಬಿಚ್ಚಿ, ಸಾಲುಸಾಲಾಗಿ ಬಿತ್ತಿ, ಯಾವ ತಳಿ ಯಾವುದಕ್ಕಿಂತ ಬೇರೆ ಎಂದು ನೋಡುವ ಕೆಲಸ ನನ್ನ ಪಾಲಿಗೆ ಬಂತು.

ಅದರಲ್ಲಿ ನಮ್ಮೂರಿನ ಪೊಟ್ಟಣವೂ ಇತ್ತು. ಬೆಳಗಾವಿ ಕಡೆಯ ಬಿಳಿ ಗೋವಿನಜೋಳ, ರೊಟ್ಟಿಗೆ ಹೇಳಿ ಮಾಡಿಸಿದ್ದು. ವರ್ಷಗಳ ಹಿಂದೆ ನಮ್ಮ ಕೇಂದ್ರದವರು ಬೀಜ ಕೇಳಿಕೊಂಡು ಊರಿಗೆ ಹೋದಾಗ ಅವರನ್ನು ಮನೆಮನೆಗೆ ಕರೆದೊಯ್ದವಳು ನಮ್ಮವ್ವ. ಈಗ ಅವಳು ಪುಣೆಯಲ್ಲೇ, ಕಾತ್ರಜದ ನಮ್ಮ ಮನೆಯಲ್ಲಿದ್ದಾಳೆ. ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು, "ನಮ್ಮ ಗೋಂಜೋಳ ಹೆಂಗ ಅದ?"

"ನನಗಿಂತ ಅದರ ಚಿಂತೀನ ಹೆಚ್ಚಾತಲ್ಲ ನಿನಗ" ಎಂದು ರೇಗಿಸುತ್ತಿದ್ದೆ.

ಬೆಳೆ ಎದ್ದಿತು. ಪೊಟ್ಟಣದ ಮೇಲೆ ಊರಿನ ಹೆಸರು ಬೇರೆ ಬೇರೆ, ಹೊಲದಲ್ಲಿ ಗಿಡಗಳೆಲ್ಲ ಒಂದೇ ಥರ. ಅದೇ ಎತ್ತರ, ಅದೇ ಹಳದಿ ಕಾಳು. ಅಂಗಡಿಯ ಹೈಬ್ರಿಡ್ ಎಲ್ಲ ಊರಿಗೂ ನುಗ್ಗಿ ಹಳೆಯ ತಳಿಗಳೊಳಗೆ ಬೆರೆತುಹೋಗಿತ್ತು. ನಿಜಕ್ಕೂ ಬೇರೆಯಾಗಿದ್ದದ್ದು ನಮ್ಮ ಬಿಳಿಯದು, ಅದರ ಸಾಲೇ ಬೋಳು. ಉಳಿದ ಪೊಟ್ಟಣಗಳು ಬರುವ ಮೊದಲು, ಒಂದು ಬೇಸಿಗೆಯಲ್ಲಿ ಕರೆಂಟು ಹೋಗಿ, ಜನರೇಟರೂ ಕೈಕೊಟ್ಟು ಖೋಲಿ ಕಾದುಹೋಗಿತ್ತು. ಆಗಲೇ ಕಾಳಿನ ಜೀವ ಹೋಗಿರಬೇಕು; ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬದುಕಿದ್ದು ಒಂದೇ ಗಿಡ. ಅದು ಹಲ್ಲು ಬಿದ್ದ ಬಾಯಿಯಂಥ ಒಂದು ತೆನೆ ಕೊಟ್ಟಿತು. ಗೋವಿನಜೋಳಕ್ಕೆ ಒಂದು ಗಿಡ ಸಾಲದು. ಹತ್ತಾರು ಗಿಡಗಳ ಪರಾಗ ಬೆರೆಯದಿದ್ದರೆ ತಳಿ ವರ್ಷದಿಂದ ವರ್ಷಕ್ಕೆ ಸೊರಗುತ್ತ ಹೋಗುತ್ತದೆ.

"ಗಾವಾತೂನ್ ಮಾಗ್ವಾ," ಊರಿಂದ ತರಿಸಿ ಎಂದರು ಕೇಂದ್ರದ ಸಾಹೇಬರು, ಚಹಾ ತರಿಸಲು ಹೇಳಿದಷ್ಟು ಸಲೀಸಾಗಿ.

ಅವ್ವನಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳು ಹೆದರಲಿಲ್ಲ. "ಅದಕ್ಯಾಕ ಮಾರಿ ಸಣ್ಣ ಮಾಡ್ತಿ? ಊರಾಗ ಮನಿಗೊಂದು ಬೀಜದ ಗಂಟು ಇರ್ತದ. ಮಾಮಿಗೆ ಫೋನ್ ಹಚ್ಚು."

ಮಾಮಿ ಎಂದರೆ ಅವ್ವನ ತಮ್ಮನ ಹೆಂಡತಿ, ಊರಲ್ಲೇ ಇರುವವರು. ಸ್ಪೀಕರ್ ಹಾಕಿ ಫೋನನ್ನು ಅವ್ವನ ಕೈಗೆ ಕೊಟ್ಟೆ. ಅವ್ವ ಬೀಜ ಕೇಳಿದ್ದಕ್ಕೆ ಮಾಮಿಗೇ ಆಶ್ಚರ್ಯ.

"ನಮ್ಮಲ್ಲಿ ಎಲ್ಲೈತ್ರಿ ಅಕ್ಕಾರ? ಯಾರ ಮನ್ಯಾಗೂ ಇಲ್ಲ. ಅಲ್ಲಿ ಥಂಡಿ ಖೋಲ್ಯಾಗ ಎಷ್ಟು ವರ್ಷ ಇಟ್ರೂ ಕೆಡಂಗಿಲ್ಲ ಅಂತ ನೀವ ಹೇಳಿದ್ರಲ್ರಿ. ಇನ್ನ ಚಿಂತಿಲ್ಲ ಅಂತ ಎಲ್ಲಾರೂ ಹಳದೀದ ಬಿತ್ತಾಕ ಹತ್ತಿದ್ರು."

ಅವ್ವ ನನ್ನ ಮುಖ ನೋಡಿದಳು. ಆ ಮಾತನ್ನು ಅವಳಿಗೆ ಹೇಳಿಕೊಟ್ಟವರು ನಮ್ಮ ಕೇಂದ್ರದವರು. ಅವ್ವ ಫೋನನ್ನು ನನ್ನ ಕೈಗಿಟ್ಟು ಒಳಗೆ ಹೋದಳು.

"ಅಕ್ಕಾರ, ಕೇಳಸ್ತದಿಲ್ರಿ?" ಮಾಮಿ ಕೂಗುತ್ತಲೇ ಇದ್ದರು. "ನಮ್ಮ ಬೀಜ ಅಲ್ಲಿ ಚಲೋ ಅದಾವ ಅಲ್ರಿ?"