ಹಗೇವಿನಲ್ಲಿ ನಿಂತ ಹಾಡು

ಆಗಿನ ಬೇಸಿಗೆ ರಜೆಗಳಲ್ಲಿ ನಮಗೆ ಹೆದರಿಕೊಳ್ಳುವುದೇ ಒಂದು ಹಬ್ಬ. ಮುದ್ದೇಬಿಹಾಳದಿಂದ ನಾಲತವಾಡದ ಹತ್ತಿರದ ಅಜ್ಜಿಯ ಹಳ್ಳಿಗೆ ಬಂದರೆ ಮುಗಿಯಿತು, ಚುರುಮುರಿ, ಹಸಿ ಉಳ್ಳಾಗಡ್ಡಿ ಮುಂದಿಟ್ಟುಕೊಂಡು ಮಾಮಾನ ಮೊಬೈಲಿನಲ್ಲಿ ದೆವ್ವದ ಸಿನಿಮಾ ನೋಡುವುದೇ ಕೆಲಸ. ಪಕ್ಕದ ಮನೆಯ ರೆಹಾನಾ ಮಾತ್ರ ಹೆದರುತ್ತಿರಲಿಲ್ಲ. ಸಿನಿಮಾದವರು ನಮ್ಮನ್ನು ಹೇಗೆ ಹೆದರಿಸಿದರು ಅಂತ ಕಣ್ಣು ಕಿರಿದು ಮಾಡಿ ಹುಡುಕಿ, ನನಗೆ ಹೇಳುತ್ತಿದ್ದಳು:

“ದೆವ್ವನ್ನ ಪೂರಾ ತೋರಸಬಾರದಲೇ ವೈಜು, ತೋರಿಸಿದ್ರ ಮಂದಿ ನಗ್ತಾರ. ಮೊದಲ ದೀಪ ಆರಬೇಕು. ಆಮ್ಯಾಲ ಹಾಡು ಕೇಳಬೇಕು. ಆ ಹಾಡು ನಡುವ ಗಪ್ಪಂತ ನಿಂತ್ರ, ಅಲ್ಲೇ ಐತಿ ನೋಡು ಅಂಜಿಕಿ!”

ಆ ವರ್ಷ ನಾವೇ ಒಂದು ಸಿನಿಮಾ ತೆಗೆಯಲು ಹೊರಟೆವು. ರೆಹಾನಾ ಡೈರೆಕ್ಟರ್. ದೆವ್ವವೂ ಅವಳೇ, ಕೂದಲು ಅವಳಿಗೇ ಉದ್ದ. ನನ್ನ ಕೈಗೆ ಮೊಬೈಲು, ತಮ್ಮ ರಾಘುವಿನ ಕೈಗೆ ಹಗ್ಗ. ಜಾಗ ಅಜ್ಜಿಯ ಅಂಗಳದ ಹಗೇವು. ಜೋಳ ತುಂಬಿಡುವ ನೆಲದೊಳಗಿನ ಕಣಜ ಅದು. ಬಾಯಿ ಒಬ್ಬರು ಇಳಿಯುವಷ್ಟೇ, ಒಳಗೆ ಒಂದು ಖೋಲಿಯಷ್ಟು ಅಗಲ. ಗಾಳಿಯಾಡಲಿ ಅಂತ ಅವತ್ತು ಬೆಳಿಗ್ಗೆಯಷ್ಟೇ ಬಾಯಿಯ ಹಾಸುಗಲ್ಲು ಸರಿಸಿದ್ದರು. ಮುಗ್ಗಲು ಜೋಳದ ಬಿಸಿ ವಾಸನೆ ಪಡಸಾಲೆಯವರೆಗೂ ಬರುತ್ತಿತ್ತು.

ಹಗೇವು ತೆಗೆಯುವಾಗಲೆಲ್ಲ ಅಜ್ಜಿ ಅದರ ಬಾಯಿಗೆ ಅರಿಷಿಣ ಕುಂಕುಮ ಹಚ್ಚಿ, ಉರಿಯುವ ಕಂದೀಲು ಇಳಿಬಿಟ್ಟು, ನೋಡುತ್ತ ನಿಲ್ಲುತ್ತಿದ್ದಳು. ಅದೂ ಒಂದು ಪೂಜೆ ಅಂದುಕೊಂಡಿದ್ದೆವು. ಕುಂಕುಮ ಕಂಡಮೇಲೆ ಹುಡುಗರಿಗೆ ಇನ್ನೇನು ಹೊಳೆದೀತು?

ಅಜ್ಜಿ ಗಿರಣಿಗೆ ಹೋದದ್ದೇ ತಡ, ರೆಹಾನಾ ಬಿಳಿ ಚಾದರ ಸುತ್ತಿಕೊಂಡು ಎದೆಗೆ ಹಗ್ಗ ಬಿಗಿಸಿಕೊಂಡಳು.

“ಹಗ್ಗ ಯಾಕ?” ಅಂದ ರಾಘು.

“ಕೈಯೂರಿ ಹತ್ತಿದ್ರ ಅದು ದೆವ್ವ ಹೆಂಗ ಆಕ್ಕೇತೋ? ತೇಲಿಕೋತ ಬರಬೇಕು. ನೀ ಸಾವಕಾಶ ಎಳೀಬೇಕು.”

ಮೊದಲು ಕಂದೀಲು ಇಳಿಸಿದಳು. ನಾನು ಮೊಬೈಲು ಹಿಡಿದಿದ್ದೆ. ಗಾಳಿಯ ಸುಳಿವೇ ಇಲ್ಲ, ಆದರೂ ಉರಿ ಸಣ್ಣಗಾಗಿ ಆರಿಹೋಯಿತು.

“ತಾನಾ ಆರಿತಲೇ! ನಸೀಬ ಅಂದ್ರ ಇದು!” ಅಂತ ಚಪ್ಪಾಳೆ ಹೊಡೆದಳು. ಕಂದೀಲು ಮೇಲಿಟ್ಟು, ಗೋಡೆಯ ಗೂಡುಗಳಿಗೆ ಕಾಲಿಡುತ್ತ ಇಳಿದಳು.

ಒಳಗಿನಿಂದ ಹಾಡು ಬಂತು, ಅವಳ ಅವ್ವ ಅವಳ ಪುಟ್ಟ ತಮ್ಮನನ್ನು ಮಲಗಿಸುವಾಗ ಗುನುಗುತ್ತಿದ್ದ ಜೋಗುಳ. ನೆಲವೇ ಹಾಡಿದ ಹಾಗೆ. ಸುಡುಬಿಸಿಲಿನಲ್ಲಿ ನನ್ನ ಮೈ ಜುಮ್ಮೆಂದಿತು. ಆಮೇಲೆ ಒಂದು ಸಾಲಿನ ನಡುವೆ ಹಾಡು ನಿಂತಿತು.

ರಾಘು ನನ್ನ ಮುಖ ನೋಡಿದ. ನಾನು ತುಟಿಯ ಮೇಲೆ ಬೆರಳಿಟ್ಟೆ. ಆಹಾ, ಎಂಥಾ ಡೈರೆಕ್ಟರ್, ಹೇಳಿದ ಹಾಗೇ ಮಾಡಿದಳು ಅಂದುಕೊಂಡು, ಮೊಬೈಲು ಅಲುಗದಂತೆ ಉಸಿರು ಬಿಗಿಹಿಡಿದೆ.

ಹಿಂದಿನಿಂದ ಅಜ್ಜಿಯ ದನಿ. “ಕಂದೀಲ ಯಾರು ಆರಿಸಿದ್ರು?”

“ಶ್ಶ್... ತಾನಾ ಆರಿತು ಅಜ್ಜಿ.”

ಅಜ್ಜಿಯ ಕಂಕುಳಿನ ಹಿಟ್ಟಿನ ಡಬ್ಬಿ ಕೆಳಗೆ ಬಿತ್ತು. “ಎಳೀರೋ ಖೋಡಿಗಳ್ರ್ಯಾ, ಹಗ್ಗ ಎಳೀರೋ! ದೀಪಕ್ಕ ಇರದ ಗಾಳಿ ಮನಷಾರಿಗೆಲ್ಲಿಂದ ಬರತೈತಿ!”

ಮೂವರೂ ಎಳೆದೆವು. ತಾನು ಬಯಸಿದ ಹಾಗೇ ಬಂದಳು ರೆಹಾನಾ: ಮುಖದ ತುಂಬ ಕೂದಲು, ಜೋತುಬಿದ್ದ ಕೈಗಳು, ಸಾವಕಾಶವಾಗಿ ತೇಲಿಕೊಂಡು. ತುಟಿ ನೀಲಿಯಾಗಿತ್ತು. ಅಜ್ಜಿ ಅವಳನ್ನು ಅಂಗಳದಲ್ಲಿ ಮಲಗಿಸಿ, ಕೆನ್ನೆ ತಟ್ಟುತ್ತ, ಸೆರಗಿನಿಂದ ಗಾಳಿ ಬೀಸುತ್ತ ಒಂದೇ ಮಾತು ಕೂಗುತ್ತಿದ್ದಳು: “ಹೂಂ ಅನ್ನ ನನ್ನವ್ವಾ, ಹೂಂ ಅನ್ನ!” ಎಷ್ಟೋ ಹೊತ್ತಿನ ಮೇಲೆ ಅವಳ ಗಂಟಲಿನಿಂದ ಒಂದು ಸಣ್ಣ “ಹೂಂ” ಬಂತು.

ದೆವ್ವ ತೇಲಬೇಕೆಂದು ಕಟ್ಟಿದ ಹಗ್ಗವೇ ಅವಳನ್ನು ಉಳಿಸಿತು. ಮಾಮಾ ಆ ವಿಡಿಯೋ ಅಳಿಸಿ ಹಾಕಿದ. ಹಗೇವಿಗೆ ಮಣ್ಣು ತುಂಬಿಸಿದರು, ಈಗ ಅದರ ಮೇಲೆ ಬೈಕು ನಿಲ್ಲುತ್ತದೆ. ರೆಹಾನಾ ಮುದ್ದೇಬಿಹಾಳದಲ್ಲಿ ಬಟ್ಟೆ ಹೊಲಿಯುತ್ತಾಳೆ. ಸಿನಿಮಾದ ಮಾತು ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ. ಪರದೆಯ ಮೇಲೆ ದೀಪ ಆರಿದಾಗ ರಾಘುವಿನ ಮಕ್ಕಳು ಖುಷಿಯಿಂದ ಕಿರುಚುತ್ತವೆ, ನಾನು ಎದ್ದು ಹೊರಗೆ ಬರುತ್ತೇನೆ. ದೆವ್ವಕ್ಕೆ ಹೆದರುವ ಸುಖ ನನ್ನ ಪಾಲಿಗೆ ಆ ಅಂಗಳದಲ್ಲೇ ಮುಗಿಯಿತು.

ಈಗಲೂ ಫೋನಿನಲ್ಲಿ ಮಾತಾಡುತ್ತ ರೆಹಾನಾ ನಡುವೆ ಸುಮ್ಮನಾದರೆ ನನಗೆ ತಡೆಯಲಾಗುವುದಿಲ್ಲ. “ಹೂಂ ಅನ್ನ ಲೇ” ಅನ್ನುತ್ತೇನೆ. ಯಾಕೆ ಅಂತ ಅವಳು ಒಮ್ಮೆಯೂ ಕೇಳಿಲ್ಲ. ಹೂಂ ಅನ್ನುತ್ತಾಳೆ.