ಮೂರು ಸಲ ಕಬೂಲ್

ಸುರಪುರದ ಸೀಮೆಯನ್ನು ಎಷ್ಟೋ ಮಂದಿ ಆಳಿ ಹೋಗಿದ್ದಾರೆ. ನಾಯಕರು ಆಳಿದರು, ನಿಜಾಮರು ಆಳಿದರು, ಆಮೇಲೆ ತಹಸೀಲ್ದಾರರು ಆಳಿದರು. ಆದರೆ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿ, ಇಡೀ ಒಂದು ಮಧ್ಯಾಹ್ನ ವಿಶ್ವವಿದ್ಯಾಲಯವನ್ನು ತನ್ನ ಅಂಗಡಿಯ ಹೊಸ್ತಿಲಲ್ಲಿ ನಿಲ್ಲಿಸಿದ ಕೀರ್ತಿ ಇವರಾರಿಗೂ ಇಲ್ಲ. ಅದು ರಂಗಂಪೇಟೆಯ ಕಸ್ತೂರಕ್ಕನದು. ಅವಳ ಮೂರನೇ ಪ್ರಶ್ನೆ ಕೇಳಿಸಿದರೆ ಶಹಾಪುರದ ಗುಡ್ಡದ ಮೇಲೆ ಮಲಗಿರುವ ಬುದ್ಧನೂ ಮಗ್ಗುಲು ಬದಲಿಸಿ ಯೋಚನೆಗೆ ಬೀಳುತ್ತಾನೆ ಎಂದು ನಂಬುವವರು ನಮ್ಮಲ್ಲಿದ್ದಾರೆ.

ಕಸ್ತೂರಕ್ಕನಿಗೆ ನಲವತ್ತೊಂದು ವರ್ಷ. ತವರು ಶಹಾಪುರ. ಗಂಡ ಸಂಗಮನಾಥನದು ಕಿರಾಣಿ ಅಂಗಡಿ. ಅದರ ಪಕ್ಕದ, ಮೊದಲು ಬೆಲ್ಲದ ಪೆಂಟೆ ಇಡುತ್ತಿದ್ದ ಕೋಣೆಯಲ್ಲಿ ಇವಳ ಆನ್‌ಲೈನ್ ಸೆಂಟರ್. ಒಂದು ಕಂಪ್ಯೂಟರ್, ಒಂದು ಝೆರಾಕ್ಸ್ ಯಂತ್ರ, ಲ್ಯಾಮಿನೇಷನ್ ಮಾಡುವ ಒಂದು ಬಿಸಿ ಪೆಟ್ಟಿಗೆ. ಗೋಡೆಗೆ ಇನ್ನೂ ಬೆಲ್ಲದ ವಾಸನೆ ಇದೆ, ಇರುವೆಗಳೂ ಬರುತ್ತವೆ.

ಅವಳ ಪದ್ಧತಿ ಹೀಗೆ. ಸ್ಕಾಲರ್‌ಶಿಪ್ ಇರಲಿ, ಆದಾಯ ಪ್ರಮಾಣಪತ್ರ ಇರಲಿ, ಫಾರ್ಮನ್ನು ಅವಳು ಚಕಚಕ ತುಂಬುತ್ತಾಳೆ. ಕೊನೆಯ ಪುಟ ತೆರೆಯಲು ಒತ್ತುತ್ತಾಳೆ. ಆಮೇಲೆ ಕೈ ಕಟ್ಟಿ, ಎದುರು ಕುಳಿತವರ ಮುಖ ನೋಡಿ, ಬರೆದದ್ದನ್ನು ಓದಿ ಹೇಳಿ ಕೇಳುತ್ತಾಳೆ: "ಕಬೂಲ್ ಏನು?" ಒಪ್ಪಿಗೆ ಇದ್ದರೆ ಹೂಂ ಎನ್ನಬೇಕು. ಮತ್ತೆ ಓದುತ್ತಾಳೆ, ಮತ್ತೆ ಕೇಳುತ್ತಾಳೆ. ಮೂರನೆಯ ಹೂಂ ಬಂದ ಮೇಲೆಯೇ ಸಬ್ಮಿಟ್. ನಿಕಾಹ್‌ನಲ್ಲೂ ಮೂರು ಸಲ ಕಬೂಲ್ ಕೇಳುತ್ತಾರಲ್ಲ, ಎದುರಿನ ಟೇಲರ್ ಸಾಬೇರಾ ಹೊಲಿಗೆ ಯಂತ್ರ ನಿಲ್ಲಿಸಿ, "ಕಸ್ತೂರಕ್ಕ ಫಾರ್ಮಿಗಿ ನಿಕಾಹ್ ಮಾಡ್ಸಾಕತ್ತಾಳ, ಖಜೂರ ತರ್ರಿ" ಎಂದು ನಗುತ್ತಾಳೆ. ವೃದ್ಧಾಪ್ಯ ವೇತನಕ್ಕಾಗಿ ನಾಲ್ಕು ವರ್ಷ ಹೆಚ್ಚಿಗೆ ಬರೆಸಲು ಬಂದಿದ್ದ ಒಬ್ಬಾತ ಮೂರನೇ ಪ್ರಶ್ನೆಗೆ ತಲೆ ಕೆರೆದುಕೊಂಡು ಎದ್ದು ಹೋದ. ಅವನ ವಯಸ್ಸು ಇವತ್ತಿಗೂ ನಿಜವಾದದ್ದೇ ಇದೆ.

ಈ ಪದ್ಧತಿ ಎಲ್ಲಿಂದ ಬಂತು ಎಂಬುದರ ಬಗ್ಗೆ ಸಾಬೇರಾಳ ಬಳಿ ಒಂದು ಸಿದ್ಧಾಂತವಿದೆ. ಶಹಾಪುರದಲ್ಲಿ ಹತ್ತನೇ ತರಗತಿ ಮುಗಿಸಿದಾಗ ಕಸ್ತೂರಕ್ಕನಿಗೆ ಸೈನ್ಸ್ ಬೇಕಿತ್ತು. ಫಾರ್ಮ್ ತುಂಬಲು ಹೋದವನು ಸೋದರಮಾವ ಹಂಪಣ್ಣ. ಸೈನ್ಸಿನ ಸಾಲು ಉದ್ದವಿತ್ತು, ಆರ್ಟ್ಸಿನ ಸಾಲು ಚಿಕ್ಕದಿತ್ತು, ನಾಲ್ಕು ಗಂಟೆಗೆ ಅವನ ಬಸ್ಸಿತ್ತು. ಹೀಗಾಗಿ ಕಸ್ತೂರಕ್ಕ ಆರ್ಟ್ಸ್ ಓದಿದಳು. ಅದನ್ನು ನೆನೆದೇ ಅವಳು ಎಲ್ಲರನ್ನೂ ಮೂರು ಸಲ ಕೇಳುತ್ತಾಳೆ ಎಂಬುದು ಸಿದ್ಧಾಂತ. ಕಸ್ತೂರಕ್ಕ ಇದಕ್ಕೆ ಹೌದು ಎಂದೂ ಹೇಳಿಲ್ಲ, ಅಲ್ಲ ಎಂದೂ ಹೇಳಿಲ್ಲ.

ಈಗ ಆ ಮಹಾ ಮಧ್ಯಾಹ್ನಕ್ಕೆ ಬರೋಣ.

ಆ ವರ್ಷಗಳಲ್ಲಿ ಬಿ.ಎ. ಹುಡುಗರು ಎರಡು ವಿಷಯಗಳನ್ನು ಎರಡು ವರ್ಷ ಸಮಸಮ ಓದಿ, ಮೂರನೇ ವರ್ಷದ ಬಾಗಿಲಲ್ಲಿ ಘೋಷಣೆ ಮಾಡಬೇಕಿತ್ತು. ಒಂದು ಮೇಜರ್ ಒಂದು ಮೈನರ್, ಇಲ್ಲವೇ ಎರಡೂ ಮೇಜರ್. ಮೈನರ್ ಎಂದು ಬರೆದ ವಿಷಯದಲ್ಲಿ ಮುಂದೆ ಎಂ.ಎ.ಗೆ ಅರ್ಜಿ ಹಾಕುವಂತಿಲ್ಲ ಎಂದು ವಿಶ್ವವಿದ್ಯಾಲಯದ ಸುತ್ತೋಲೆ ಹೇಳಿತ್ತು. ಸುತ್ತೋಲೆ ನಾಲ್ಕು ಪುಟದ್ದು. ನಾಲ್ಕು ಪುಟದ್ದನ್ನು ಯಾರು ಓದುತ್ತಾರೆ?

ಪಕ್ಕದ ಒಂದು ಪದವಿ ಕಾಲೇಜಿನ ಗುಮಾಸ್ತ ಭಗವಂತರಾಯ ಓದಿರಲಿಲ್ಲ. ಅವನು ಕೆಟ್ಟವನಲ್ಲ. ಒಂದೇ ಥರದ ಪಟ್ಟಿ ಎಂದರೆ ಅವನಿಗೆ ಪ್ರಾಣ, ಅಷ್ಟೆ. ಅರವತ್ತೆರಡು ವಿದ್ಯಾರ್ಥಿಗಳಿಗೂ ಇತಿಹಾಸ ಮೇಜರ್, ಅರ್ಥಶಾಸ್ತ್ರ ಮೈನರ್ ಎಂದು ಬರೆದು, ಕೊನೆಯ ದಿನ ಎಲ್ಲರನ್ನೂ ಕಸ್ತೂರಕ್ಕನ ಅಂಗಡಿಗೆ ಕರೆತಂದ. ಒಬ್ಬೊಬ್ಬರ ಮೊಬೈಲಿಗೂ ಓಟಿಪಿ ಬರುವುದರಿಂದ ಒಬ್ಬೊಬ್ಬರೂ ಖುದ್ದಾಗಿ ಇರಬೇಕಿತ್ತು. ಸಂಜೆ ಐದಕ್ಕೆ ವೆಬ್‌ಸೈಟ್ ಮುಚ್ಚುತ್ತಿತ್ತು.

"ಅಕ್ಕೋರು ಏನ್ ಕೇಳಿದ್ರೂ ಹೂಂ ಅನ್ರಿ" ಎಂದು ಅವನು ಮೊದಲೇ ಪಾಠ ಹೇಳಿದ್ದ. ಇಪ್ಪತ್ತಾರು ಮಂದಿ ಹೂಂ, ಹೂಂ, ಹೂಂ ಎಂದು ಎದ್ದು ಹೋದರು. ಇಪ್ಪತ್ತೇಳನೆಯವಳು ಅಂಜನಾ. ತಿಂಥಣಿಯಿಂದ ಬೆಳಗಿನ ಬಸ್ಸಿಗೆ ಬರುವ ಹುಡುಗಿ. ತಾಯಿ ಮಲ್ಲಾಬಾಯಿ ಕೂಲಿ ಮಾಡುತ್ತಾಳೆ.

"ಇತಿಹಾಸ ಮೇಜರ್, ಅರ್ಥಶಾಸ್ತ್ರ ಮೈನರ್. ಕಬೂಲ್ ಏನವ್ವಾ?"

"ಹೂಂ ರೀ."

"ಕಬೂಲ್?"

"ಹೂಂ."

ಪರದೆಯ ಮೇಲೆ ನೀಲಿ ಚಕ್ರ ತಿರುಗುತ್ತಿತ್ತು. ಕಸ್ತೂರಕ್ಕ ಮೂರನೇ ಸಲ ಕೇಳಿದಳು. ಅಂಜನಾ ಸುಮ್ಮನಾದಳು. ಹಿಂದಿನ ಸಾಲು ಕತ್ತು ಚಾಚಿತು. ಸಾಬೇರಾಳ ಹೊಲಿಗೆ ಯಂತ್ರ ನಿಂತಿತು.

"ಯಾಕವ್ವಾ, ಬಾಯಾಗ ಏನ್ ಇಟ್ಕೊಂಡಿ?"

"ಎರಡೂ ಬೇಕಾಗಿತ್ರಿ ಅಕ್ಕಾ."

"ಇತಿಹಾಸ ಯಾಕ ಬೇಕು?"

"ವನದುರ್ಗದ ಕೋಟಿ ನೋಡಿನ್ರಿ. ಯಾರು ಕಟ್ಯಾರ ಅಂತ ತಿಳೀಬೇಕ್ರಿ."

"ಮತ್ತ ಅರ್ಥಶಾಸ್ತ್ರ?"

"ಕಲ್ಲು ಹೊತ್ತವ್ರಿಗಿ ಕೂಲಿ ಎಷ್ಟ್ ಕೊಟ್ರು ಅಂತ ತಿಳೀಬೇಕ್ರಿ. ಎಂ.ಎ. ಅದ್ರಾಗ ಮಾಡ್ಬೇಕಂತೀನಿ."

ಭಗವಂತರಾಯ ಗಡಿಯಾರ ನೋಡಿದ. "ಎರಡೆರಡು ಮೇಜರ್ ಅಂದ್ರ ಟೈಮ್‌ಟೇಬಲ್ ಯಾರ್ ಕೂಡಿಸಬೇಕವಾ? ನಿಮ್ಮಪ್ಪ ಬರ್ತಾನೇನು?"

"ನಮ್ಮಪ್ಪನ್ನ ಯಾಕ ಕರೀತೀರ್ರಿ, ಓದಾಕಿ ನಾನು" ಎಂದಳು ಅಂಜನಾ.

ಕಸ್ತೂರಕ್ಕ ಸುತ್ತೋಲೆಯ ಮೂರನೇ ಪುಟವನ್ನು ಪ್ರಿಂಟ್ ತೆಗೆದು ಎಲ್ಲರಿಗೂ ಕೇಳುವಂತೆ ಓದಿದಳು. ಎರಡು ಮೇಜರ್ ತೆಗೆದುಕೊಳ್ಳುವ ಹಕ್ಕು ವಿದ್ಯಾರ್ಥಿಯದು, ಆಯ್ಕೆ ವಿದ್ಯಾರ್ಥಿಯೇ ಮಾಡತಕ್ಕದ್ದು. ಆಮೇಲೆ ಕುರ್ಚಿಯನ್ನು ಭಗವಂತರಾಯನ ಕಡೆ ತಿರುಗಿಸಿ ಕೈ ಕಟ್ಟಿ ಕುಳಿತಳು. ಕಂಡವರಿಗೆ ಗೊತ್ತಾಯಿತು, ಈಗ ಏನು ಬರುತ್ತದೆ ಎಂದು.

"ರಾಯರ, ಈ ಪಟ್ಟಿ ಹುಡುಗ್ರನ್ನ ಕೇಳಿ ಮಾಡೀರಿ. ಕಬೂಲ್ ಏನ್ರಿ?"

"ಕೇಳೀವಿ."

"ಒಬ್ಬೊಬ್ಬರನ್ನ ಕೇಳಿ ಮಾಡೀರಿ. ಕಬೂಲ್?"

"ಹೂಂ, ಒಂದ್ ಥರ ಕೇಳ್ದಂಗ."

ಉಳಿದಿದ್ದ ಮೂವತ್ತಾರು ಜೊತೆ ಕಣ್ಣು ಅವನ ಮೇಲಿದ್ದವು, ಸಾಬೇರಾಳ ಒಂದು ಜೊತೆ ಬೇರೆ. ಕಸ್ತೂರಕ್ಕ ಅದೇ ದನಿಯಲ್ಲಿ, ಬೈಗುಳವಿಲ್ಲದೆ, ಮೂರನೇ ಸಲ ಕೇಳಿದಳು. ಭಗವಂತರಾಯ ಟೋಪಿ ತೆಗೆದು ಬೆವರು ಒರೆಸಿಕೊಂಡ.

"ಇಲ್ಲ ಬಿಡವಾ" ಎಂದ. "ಯಾರನ್ನೂ ಕೇಳಿಲ್ಲ."

ಇದನ್ನು ಹೇಳಿದ ಮೇಲೆ ಅವನ ಮುಖ ಹಗುರಾಯಿತು ಎಂಬುದನ್ನೂ ಬರೆಯಲೇಬೇಕು. ಅವನೇ ಪ್ರಾಂಶುಪಾಲರಿಗೆ ಫೋನ್ ಮಾಡಿದ. "ನಿಯಮದಾಗ ಇದ್ರ ಕೊಡ್ರಿ, ನನಗ್ಯಾಕ ಕೇಳಾಕತ್ತೀರಿ" ಎಂಬ ಉತ್ತರ ಬಂತು. ಪಟ್ಟಿಯನ್ನು ಮಡಚಿ ಜೇಬಿಗಿಟ್ಟು, ಅವನೇ ಸಾಲಿನ ಮುಂದೆ ನಿಂತು ಒಬ್ಬೊಬ್ಬರನ್ನೂ ಕೇಳತೊಡಗಿದ. ಮೊದಲು ಹೂಂ ಎಂದು ಹೋಗಿದ್ದವರಲ್ಲಿ ಐವರು ಸುದ್ದಿ ತಿಳಿದು ಬಸ್‌ಸ್ಟ್ಯಾಂಡಿನಿಂದ ಓಡಿ ಬಂದು ತಿದ್ದಿಸಿಕೊಂಡರು. ಐದಕ್ಕೆ ಎರಡು ನಿಮಿಷ ಇರುವಾಗ ಕೊನೆಯ ಫಾರ್ಮ್ ಹೋಯಿತು. ಹದಿನಾಲ್ಕು ಮಂದಿ ಎರಡು ಮೇಜರ್ ಬರೆಸಿದ್ದರು. ಅವರಲ್ಲಿ ಮೊದಲನೆಯವಳು ಅಂಜನಾ. ಟೈಮ್‌ಟೇಬಲ್ ಕೂಡಿತೋ ಎಂದರೆ ಕೂಡಿತು, ಕೂಡದೆ ಎಲ್ಲಿ ಹೋಗುತ್ತದೆ.

ಅಂಜನಾ ಎರಡರಲ್ಲೂ ಒಳ್ಳೆಯ ಅಂಕ ತೆಗೆದು, ಕಲಬುರಗಿಯಲ್ಲಿ ಅರ್ಥಶಾಸ್ತ್ರದ ಎಂ.ಎ.ಗೆ ಸೇರಿದಳು. ಸೀಟು ಸಿಕ್ಕ ದಿನ ಮಲ್ಲಾಬಾಯಿ ಅಂಗಡಿಗೆ ಬಂದು, ಸೆರಗಿನಲ್ಲಿ ಕಟ್ಟಿ ತಂದ ಶೇಂಗಾ ಸುರಿದು ಹೋದಳು. ಇತ್ತ ಸರ್ಕಾರ ಆ ಮೇಜರ್ ಮೈನರಿನ ನೀತಿಯನ್ನೇ ಬದಲಿಸಿ ಬೇರೊಂದು ತಂದಿದೆ. ಕಸ್ತೂರಕ್ಕನ ನೀತಿ ಮಾತ್ರ ಜಾರಿಯಲ್ಲಿದೆ. ಆ ಮೂರನೇ ಪುಟ ಲ್ಯಾಮಿನೇಷನ್ ಆಗಿ ಗೋಡೆಯ ಮೇಲೆ ತೂಗುತ್ತಿದೆ, ಇರುವೆಗಳೂ ಅದನ್ನು ಸುತ್ತಿಕೊಂಡು ಹೋಗುತ್ತವೆ.

ಈ ವರ್ಷ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಅವಳಿಗೆ ಶಾಲು ಹೊದಿಸಿದರು. ಹೆಸರು ಸೂಚಿಸಿದವನು ಭಗವಂತರಾಯ. ಕಲಬುರಗಿಯಿಂದ ಬಂದ ಅಂಜನಾ ಮುಂದಿನ ಸಾಲಿನಲ್ಲಿದ್ದಳು. ಪ್ರಾಂಶುಪಾಲರು ಅರ್ಧ ಗಂಟೆ ಮಾತಾಡಿದರು. ಮೊದಲ ಕಬೂಲ್ ಮನಸ್ಸಿನದು, ಎರಡನೆಯದು ಮಾತಿನದು, ಮೂರನೆಯದು ಕಾಯದ್ದು, ಇದು ನಮ್ಮ ನೆಲದ ವಿವೇಕ ಎಂದರು. ಸಭೆ ಚಪ್ಪಾಳೆ ತಟ್ಟಿತು. ಸಾಬೇರಾ ಕಣ್ಣೊರೆಸಿಕೊಂಡಳು. "ಈ ಮೂರು ಸಲದ ಗುಟ್ಟು ಏನು, ತಾವೇ ಹೇಳಬೇಕು" ಎಂದು ಪ್ರಾಂಶುಪಾಲರು ಮೈಕನ್ನು ಅವಳ ಕೈಗೆ ಕೊಟ್ಟರು.

ಕಸ್ತೂರಕ್ಕ ಶಾಲು ಸರಿಪಡಿಸಿಕೊಂಡು ಮೈಕನ್ನು ಬಾಯಿಯ ಹತ್ತಿರ ತಂದಳು.

"ಗುಟ್ಟೇನಿಲ್ರಿ. ನಮ್ಮ ಅಂಗಡ್ಯಾಗ ನೆಟ್ ಭಾಳ ಸ್ಲೋ ಅದ. ಆ ಚಕ್ರ ತಿರುಗೋದು ನಿಲ್ಲೋತನ ಮೂರು ಸಲ ಕೇಳೋವಷ್ಟು ಟೈಮ್ ಸಿಗ್ತದ."